ಏಳು ದಿನ ಆಯ್ತು, ತುಂಬಿಸಲಾ?

2025 ಜೂನ್ 11, ಬುಧವಾರ ರಾತ್ರಿ

ಇವತ್ತು ಏನೂ ಬರೆಯುವ ಮನಸ್ಸಿರಲಿಲ್ಲ. ಕೆಲಸ ಸಾಕುಸಾಕು ಮಾಡಿಬಿಟ್ಟಿತ್ತು. ಮಲಗುವ ಹೊತ್ತಿಗೆ ಸರಿಯಾಗಿ ತಮ್ಮನ ಫೋನ್ ಬಂತು. ನಿದ್ದೆ ಹಾರಿಹೋಯಿತು.

ಅವನು ಮನೆಯಲ್ಲೇ ಬಿಯರ್ ಮಾಡುವ ಕಿಟ್ ತಂದುಕೊಂಡಿದ್ದಾನೆ. ಅರ್ಧ ಕೆಲಸ ಮುಗಿಸಿ ಆಮೇಲೆ ಹೇಗೆ ಅಂತ ಕೇಳುವವನು ಅವನು.

"ಬಾಟಲಿ ಎಲ್ಲಾ ತೊಳೆದು ಸಾಲಾಗಿ ಇಟ್ಟಿದೀನಿ. ತುಂಬಿಸಲಾ?"

"ಗ್ರಾವಿಟಿ ಎಷ್ಟಿದೆ?"

"ಅದ್ಯಾಕೆ? ಏಳು ದಿನ ಆಯ್ತು. ಏರ್‌ಲಾಕಲ್ಲಿ ಗುಳ್ಳೆ ನಿಂತಿದೆ. ಗೈಡಲ್ಲಿ ಹಾಗೇ ಬರೆದಿದಾರಲ್ಲ."

ಏರ್‌ಲಾಕ್ ಅಂದರೆ ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಗಾಳಿ ಒಳಗೆ ಬಿಡದ ನೀರಿನ ಸಣ್ಣ ಕೊಳವೆ. ಗ್ರಾವಿಟಿ ಅಂದರೆ ನೀರಿಗಿಂತ ಬಿಯರ್ ಎಷ್ಟು ಸಾಂದ್ರ ಅನ್ನುವ ಅಂಕಿ, ಸಕ್ಕರೆ ಹುದುಗುತ್ತಾ ಹೋದಂತೆ ಇಳಿಯುತ್ತದೆ. ಅದನ್ನು ಅಳೆಯುವ ಹೈಡ್ರೋಮೀಟರ್ ಕಿಟ್ ಜೊತೆಯಲ್ಲೇ ಬಂದಿತ್ತು. ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲವಂತೆ. ಬಿಚ್ಚಿಸಿದೆ. ಫೋನ್ ಸ್ಪೀಕರಿಗೆ ಹಾಕಿಸಿ, ಫರ್ಮೆಂಟರಿನ (ಬಿಯರ್ ಹುದುಗುವ ಪಾತ್ರೆ) ನಲ್ಲಿಯಿಂದ ಉದ್ದ ಕೊಳವೆಗೆ ಸ್ವಲ್ಪ ಬಿಯರ್ ಬಿಡಿಸಿ, ಅದರಲ್ಲಿ ಹೈಡ್ರೋಮೀಟರ್ ತೇಲಿಸಿದೆ. "1.024" ಅಂದ. ಹೈಡ್ರೋಮೀಟರಿನ ಗಾಜಿಗೆ ಗುಳ್ಳೆ ಅಂಟಿದೆಯಾ ನೋಡು ಅಂದೆ. ಮೈ ತುಂಬಾ ಅಂಟಿತ್ತಂತೆ. ಗುಳ್ಳೆ ಅಂಟಿಕೊಂಡರೆ ಹೈಡ್ರೋಮೀಟರ್ ಮೇಲೆ ತೇಲುತ್ತದೆ, ಅಂಕಿ ಜಾಸ್ತಿ ತೋರಿಸುತ್ತದೆ. ಎರಡು ಬೆರಳಲ್ಲಿ ಹಿಡಿದು ಬುಗುರಿ ಹಾಗೆ ಒಂದು ಸುತ್ತು ತಿರುಗಿಸು ಅಂದೆ. ಗುಳ್ಳೆ ಬಿಟ್ಟುಕೊಂಡವು. ಕಡ್ಡಿಯ ಸುತ್ತ ದ್ರವ ಸ್ವಲ್ಪ ಮೇಲಕ್ಕೆ ಹತ್ತಿರುತ್ತದಲ್ಲ, ಅದನ್ನು ಬಿಟ್ಟು ಕೆಳಗಿನ ಸಮ ಮಟ್ಟ ನೋಡು ಅಂದೆ.

1.018.

ಕಿಟ್ಟಿನ ಡಬ್ಬಿಯ ಮೇಲೆ 1.012ಕ್ಕೆ ಹುದುಗುವುದು ಮುಗಿಯುತ್ತದೆ ಅಂತ ಅಚ್ಚಾಗಿದೆ. ಅಂದರೆ ಆರು ಪಾಯಿಂಟ್ (0.001 ಅಂದರೆ ಒಂದು ಪಾಯಿಂಟ್) ಬಾಕಿ ಇರಬಹುದು. ಇವನು ಅದನ್ನು ಗಾಜಿನೊಳಗೆ ಹಾಕಿ ಮುಚ್ಚಳ ಬಿಗಿಯಲು ಹೊರಟಿದ್ದ.

ಲೆಕ್ಕ ಹೇಳಿದೆ. ಗ್ರಾವಿಟಿ 0.001 ಇಳಿದರೆ ಹೆಚ್ಚುಕಡಿಮೆ ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. ಒಂದು ಲೀಟರ್ ಬಿಯರಿಗೆ ಅರ್ಧ ಲೀಟರ್ ಗ್ಯಾಸ್ ಅಂದುಕೊಳ್ಳಿ. ಆರು ಪಾಯಿಂಟಿಗೆ ಮೂರು ವಾಲ್ಯೂಮ್. ಮೊದಲೇ ಕರಗಿರುವ ಗ್ಯಾಸು, ನೊರೆಗೆ ಅಂತ ಹಾಕುವ ಸಕ್ಕರೆ, ಎರಡೂ ಸೇರಿ ಇನ್ನೊಂದು ಎರಡೂವರೆ. ಮಾಮೂಲಿ ಬಿಯರಿಗೆ ಆ ಎರಡೂವರೆಯೇ ಧಾರಾಳ. ಐದೂವರೆ ತುಂಬಿದರೆ ಸಾಮಾನ್ಯ ಬಾಟಲಿ ತಡೆಯುತ್ತಾ? ಗಾಜು ಒಡೆಯುವುದಲ್ಲ, ಸಿಡಿಯುತ್ತದೆ. ಒಂದು ಸಿಡಿದರೆ ಪಕ್ಕದ್ದೂ ಸಿಡಿಯಬಹುದು.

ಅವನು ಸುಮ್ಮನಾದ. ಆಮೇಲೆ ಮೆಲ್ಲಗೆ, "ಗುಳ್ಳೆ ನಿಂತಿತ್ತಲ್ಲ?" ಅಂದ.

ಗುಳ್ಳೆಯನ್ನು ನಂಬಿ ಅಂತ ಬರೆದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಗ್ಯಾಸ್ ಸುಲಭದ ದಾರಿ ಹುಡುಕಿಕೊಂಡು ಹೋಗುತ್ತದೆ, ಅಷ್ಟೇ. ಮುಚ್ಚಳದ ರಬ್ಬರ್ ಒಂದು ಕಡೆ ಸಡಿಲ ಇದ್ದರೆ ಏರ್‌ಲಾಕಿನಲ್ಲಿ ಮೊದಲ ದಿನದಿಂದಲೇ ಒಂದು ಗುಳ್ಳೆಯೂ ಬರದೆ ಇರಬಹುದು, ಒಳಗೆ ಯೀಸ್ಟ್ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ಕೋಣೆ ತಣ್ಣಗಾದರೆ ಗುಳ್ಳೆ ನಿಲ್ಲುತ್ತದೆ. ಎಲ್ಲಾ ಮುಗಿದ ಮೇಲೆ ಕೋಣೆ ಬೆಚ್ಚಗಾದರೆ, ಕರಗಿದ್ದ ಗ್ಯಾಸ್ ಹೊರಗೆ ಬಂದು ಮತ್ತೆ ಗುಳುಗುಳು ಶುರುವಾಗುತ್ತದೆ. ನಂಬಬೇಕಾದದ್ದು ಒಂದೇ: ಎರಡು ಮೂರು ದಿನ ಬಿಟ್ಟು ಅಳೆದಾಗಲೂ ಅದೇ ಅಂಕಿ ಬರಬೇಕು. ಈ ಮಾತು ಅವನ ಗೈಡಿನಲ್ಲೂ ಇದೆಯಂತೆ. ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, "ಬೇಕಿದ್ದರೆ" ಅಂತ.

ಬೇಕಿದ್ದರೆ!

ಪೂರ್ತಿ ಓದು ನೋಡೋಣ ಅಂದೆ. ಓದಿದ. ವರ್ಟಿನ, ಅಂದರೆ ಹುದುಗಿಸುವ ಮೊಳಕೆ ಬಾರ್ಲಿಯ (ಮಾಲ್ಟ್) ರಸದ, ಉಷ್ಣತೆ 21ರಿಂದ 27 ಡಿಗ್ರಿ ಇರಲಿ ಅಂತಿದೆ. ಏಲ್ ಬಗೆಯ ಬಿಯರಿನ ಹೆಚ್ಚಿನ ಯೀಸ್ಟಿಗೆ 18–20 ಹಿತ. 27ರಲ್ಲಿ ಬಿಯರ್ ಬೇಗ ಆಗುತ್ತದೆ, ಸುಳ್ಳಲ್ಲ. ಆದರೆ ಹಣ್ಣಿನ ವಾಸನೆ, ಗಂಟಲಲ್ಲಿ ಸುಡುವ ಆಲ್ಕೋಹಾಲ್, ಎಲ್ಲಾ ಜೊತೆಗೇ ಬರುತ್ತದೆ. ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ ಅನ್ನುವುದನ್ನಂತೂ ಯಾರೂ ಬರೆಯುವುದಿಲ್ಲ. ಜೋರಾಗಿ ಹುದುಗುವಾಗ ಕೋಣೆಗಿಂತ ಪಾತ್ರೆಯೊಳಗೆ ಮೂರು ನಾಲ್ಕು ಡಿಗ್ರಿ ಜಾಸ್ತಿ ಇರಬಹುದು. ಒಂದು ಕೆಜಿ ಸಕ್ಕರೆ ಸುರಿಯಿರಿ ಅಂತಲೂ ಇದೆ. ಸಕ್ಕರೆ ಪೂರ್ತಿ ಹುದುಗಿಬಿಡುತ್ತದೆ, ಆಲ್ಕೋಹಾಲ್ ಬಿಟ್ಟರೆ ಏನೂ ಉಳಿಯುವುದಿಲ್ಲ. ಬಿಯರ್ ನೀರುನೀರು. ಅದರ ಬದಲು ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟಿನ ಸತ್ವದ ಪುಡಿ) ಹಾಕಿ ಅಂದರೆ ಖರ್ಚು ಏರುತ್ತದೆ, ಕಿಟ್ ಸುಲಭ ಅನ್ನಿಸುವುದಿಲ್ಲ. ಏಳು ದಿನದ ಗುಟ್ಟೂ ಅದೇ ಇರಬೇಕು. "ಮೂರು ವಾರ ಕಾಯಿರಿ, ಆಮೇಲೆ ಅಳೆಯಿರಿ, ಆಮೇಲೆ ಇನ್ನೂ ಕಾಯಿರಿ" ಅಂತ ಡಬ್ಬಿ ಮೇಲೆ ಬರೆದರೆ ಯಾರು ಕೊಳ್ಳುತ್ತಾರೆ?

ಇಷ್ಟೆಲ್ಲಾ ಕೇಳಿ ಅವನು ಗಾಬರಿಯಿಂದ ಇನ್ನೊಂದು ಪ್ರಶ್ನೆ ಹಾಕಿದ. "ಕಣ್ಣು ಹೋಗಲ್ಲ ತಾನೆ? ಮೆಥನಾಲ್ ಬಗ್ಗೆ ಒಂದು ಪುಟ ಬರೆದಿದಾರೆ."

ನನಗೆ ನಗು ತಡೆಯಲಾಗಲಿಲ್ಲ. ಮಾಲ್ಟಿನಿಂದ ಮಾಡಿದ ಬಿಯರಿನಲ್ಲಿ ಮೆಥನಾಲ್ ಅನ್ನುವ ಆ ವಿಷದ ಆಲ್ಕೋಹಾಲ್ ಹೆಸರಿಗೆ ಮಾತ್ರ ಇರುತ್ತದೆ. ಅದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ ಬರುವುದು. ಜನ ಕಣ್ಣು, ಪ್ರಾಣ ಕಳೆದುಕೊಳ್ಳುವುದು ಕಲಬೆರಕೆ ಮದ್ಯದಿಂದ. ಬಕೆಟ್ಟಿನಲ್ಲಿ ಹುದುಗಿಸಿದ ಬಿಯರಿಗೂ ಅದಕ್ಕೂ ಸಂಬಂಧವೇ ಇಲ್ಲ. ನೋಡಿ, ಆಗದೇ ಇರುವುದಕ್ಕೆ ಒಂದು ಪುಟ. ನಿಜವಾಗಿ ಕೈ ಕುಯ್ಯಬಹುದಾದ ಬಾಟಲಿಗೆ ಅರ್ಧ ಸಾಲು. ಹೆದರಿಸಬೇಕಾದ ಕಡೆ ಬೆನ್ನು ತಟ್ಟುತ್ತಾರೆ, ಬೆನ್ನು ತಟ್ಟಬೇಕಾದ ಕಡೆ ಹೆದರಿಸುತ್ತಾರೆ.

ಎರಡನೇ ಪಾತ್ರೆಯ ವಿಷಯವೂ ಹಾಗೇ. ವಾರವಾದ ಮೇಲೆ ಬೇರೆ ಪಾತ್ರೆಗೆ ಬಗ್ಗಿಸದಿದ್ದರೆ ಸತ್ತ ಯೀಸ್ಟ್ ಕೊಳೆತು ಬಿಯರ್ ಕೆಡುತ್ತದೆ ಅಂತ ಎಷ್ಟು ಗೈಡುಗಳಲ್ಲಿ ಓದಿದ್ದೇನೋ. ಆ ಸಲಹೆ ಹುಟ್ಟಿದಾಗ ಅದಕ್ಕೊಂದು ಕಾರಣ ಇತ್ತು. ದೊಡ್ಡ ಬ್ರೂವರಿಗಳ ಎತ್ತರದ ಟ್ಯಾಂಕಿನ ತಳದಲ್ಲಿ ಯೀಸ್ಟ್ ದಪ್ಪಗೆ ಕೂರುತ್ತದೆ, ಮೇಲೆ ಅಷ್ಟು ಭಾರ, ಒಳಗೆ ಬಿಸಿ, ಹಾಗಾಗಿ ಅದು ಬೇಗ ಸಾಯುತ್ತದೆ. ಮನೆ ಬಿಯರಿಗೆ ಕಾನೂನು ದಾರಿ ಬಿಟ್ಟದ್ದೂ ಹಳೇ ಮಾತು: ಬ್ರಿಟನ್ನಿನಲ್ಲಿ ಲೈಸೆನ್ಸ್ ಬೇಡ ಅಂತಾದದ್ದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ ಅಂಥದ್ದೇ ಕಾನೂನಿಗೆ ಸಹಿ ಹಾಕಿದ್ದು 1978ರಲ್ಲಿ. ಆ ದಿನಗಳಲ್ಲಿ ಹವ್ಯಾಸಿಗಳಿಗೆ ಸಿಗುತ್ತಿದ್ದ ಒಣ ಯೀಸ್ಟೂ ಅಷ್ಟಕ್ಕಷ್ಟೇ. ಈಗಿನ ಯೀಸ್ಟ್ ಚಿಕ್ಕ ಬಕೆಟ್ಟಿನ ತಳದಲ್ಲಿ ಮೂರು ನಾಲ್ಕು ವಾರ ಇದ್ದರೂ ಏನೂ ಆಗುವುದಿಲ್ಲ. ಕಾರಣ ಹೋಯಿತು, ಸಾಲು ಮಾತ್ರ ಒಂದು ಗೈಡಿನಿಂದ ಇನ್ನೊಂದಕ್ಕೆ ನಕಲಾಗುತ್ತಾ ಉಳಿಯಿತು. ಬಗ್ಗಿಸುವಾಗ ಗಾಳಿ ಸೇರಿ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುವುದೇ ಲಾಭ. ಅದೇ ಗೈಡು ಹಿಂದಿನ ಪುಟದಲ್ಲಿ "ಹುದುಗಿದ ಮೇಲೆ ಗಾಳಿ ಸೇರಿಸಬೇಡಿ" ಅಂದಿರುತ್ತದೆ!

ಬಾಟಲಿ ಯಾವುದರಲ್ಲಿ ತೊಳೆದೆ ಅಂತ ಕೇಳಿದೆ. ಬ್ಲೀಚ್. ಬ್ಲೀಚಿನ ಕ್ಲೋರಿನ್ ಮಾಲ್ಟಿನ ಫೀನಾಲ್ ಜೊತೆ ಸೇರಿದರೆ ಬಿಯರಿಗೆ ಬ್ಯಾಂಡೇಜಿನ ವಾಸನೆ ಹಿಡಿಯುತ್ತದೆ. ಚೂರೇ ಚೂರು ಸಾಕು. ಇನ್ನೊಮ್ಮೆ, ಕಾಯಿಸಿ ಆರಿಸಿದ ನೀರಲ್ಲಿ ಚೆನ್ನಾಗಿ ಜಾಲಿಸು ಅಂದೆ. ಗೊಣಗಿದ. ಗೊಣಗಲಿ ಬಿಡಿ.

ಪಾಪ, ಅವನ ತಪ್ಪೇನೂ ಇಲ್ಲ. ಹೊಸಬ ಗೈಡ್ ನಂಬದೆ ಇನ್ನೇನು ನಂಬುತ್ತಾನೆ? ಕೊನೆಗೆ ಒಪ್ಪಿಕೊಂಡ. ನಿಧಾನವಾದ ಯೀಸ್ಟ್ ಎಚ್ಚರಾಗಲಿ ಅಂತ ಫರ್ಮೆಂಟರನ್ನು ಸ್ವಲ್ಪ ಬೆಚ್ಚಗಿನ ಮೂಲೆಗೆ ಸರಿಸಿ, ಮುಚ್ಚಳ ತೆಗೆಯದೆ ನಿಧಾನಕ್ಕೆ ಒಮ್ಮೆ ಸುತ್ತು ಬರುವ ಹಾಗೆ ಅಲ್ಲಾಡಿಸಿ, ಶನಿವಾರ ಮತ್ತೆ ಅಳೆಯುತ್ತಾನೆ. ಆಗಲೂ 1.018 ಇದ್ದರೆ ಸೋಮವಾರ ಇನ್ನೊಮ್ಮೆ. ಎಕ್ಸ್‌ಟ್ರಾಕ್ಟಿನ ಬಿಯರ್ ಕೆಲವು ಸಲ ಅಲ್ಲೇ ನಿಂತುಬಿಡುವುದೂ ಉಂಟು, ಡಬ್ಬಿಯ ಅಂಕಿಯೇನು ವೇದವಾಕ್ಯವಲ್ಲ.

ಆಮೇಲೆ ನೊರೆಗೆ ಸಕ್ಕರೆ ಎಷ್ಟು ಅಂತ ಖಂಡಿತ ಫೋನ್ ಮಾಡುತ್ತಾನೆ. ಲೀಟರಿಗೆ ಆರು ಗ್ರಾಂ, ತೂಕ ಮಾಡಿ, ಅಷ್ಟನ್ನೂ ಒಟ್ಟಿಗೆ ಕರಗಿಸಿ ಬೆರೆಸು ಅನ್ನಬೇಕು. ಗೈಡಿನಲ್ಲಿ ಬಾಟಲಿಗೊಂದು ಚಮಚ ಅಂತಿದೆಯಂತೆ. ಯಾವ ಚಮಚ? ತಲೆ ಮಟ್ಟವಾ, ಗುಡ್ಡೆಯಾ? 330 ಮಿಲಿ ಬಾಟಲಿಗೂ 750ಕ್ಕೂ ಒಂದೇ ಚಮಚ ಅಂದರೆ ಹೇಗೆ?