ದಿನ ಎಣಿಸೋದು ನಮಗೆ ಗೊತ್ತಿತ್ತು

ಹೋದ ವಾರ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಅಂಡ ಬಿಡುಗಡೆಯ ದಿನ ತಿಳಿಸುವ ಓವ್ಯುಲೇಷನ್ ಕಿಟ್ ತೆಗೆದುಕೊಂಡು, ಬುಟ್ಟಿಯಲ್ಲಿ ಕೊತ್ತಂಬರಿ ಕಟ್ಟಿನ ಕೆಳಗೆ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಹಿಂದೆಯೇ ಪಕ್ಕದ ಮನೆಯಾಕೆ. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವರು, ಈಗ ನಿವೃತ್ತಿ. ಡಬ್ಬಿ ಕಣ್ಣಿಗೆ ಬಿತ್ತು. ದನಿ ತಗ್ಗಿಸಲಿಲ್ಲ. "ಕಿಟ್ ಹೌದು ಅನ್ನಲಿ ಅಂತ ಕಾಯಬೇಡಮ್ಮ, ಅದಕ್ಕೂ ಮೊದಲೇ ಶುರು ಮಾಡಿ" ಅಂದರು. ಆಮೇಲೆ, ಹಾಲು ಬ್ರೆಡ್ಡು ಕೌಂಟರಿಗೆ ಇಡುತ್ತಾ, "ನಿನ್ನ ಗಂಡನ ಪರೀಕ್ಷೆ ಆಯ್ತಾ?"

ಕಿವಿ ಬಿಸಿಯಾಯಿತು. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ವಿಜಯಪುರಕ್ಕೆ ಹೋದಾಗಲೆಲ್ಲ "ಏನರ ವಿಶೇಷ ಐತೇನವಾ?" ಅಂತ ನನ್ನನ್ನು ಕೇಳದವರಿಲ್ಲ. ನನ್ನ ಗಂಡನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಮರುದಿನ ಅವರ ಮನೆಯಲ್ಲಿ ಚಹಾ ಕುಡಿಯುತ್ತಾ ಎಲ್ಲ ಬಿಡಿಸಿ ಹೇಳಿದರು. ಅಂಡಾಣು ಹೊರಬಂದ ಮೇಲೆ ಅದರ ಆಯಸ್ಸು 12ರಿಂದ 24 ಗಂಟೆ, ಅಷ್ಟೇ. ವೀರ್ಯಾಣು ಮಾತ್ರ ಹೆಂಗಸಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು. ಅದಕ್ಕೇ ಅದು ಮೊದಲೇ ಹೋಗಿ ಕಾಯುತ್ತಿರಬೇಕು. ಅಮೆರಿಕದಲ್ಲಿ 221 ಹೆಂಗಸರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭ ನಿಂತದ್ದೆಲ್ಲ ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು ಈ 6 ದಿನಗಳಲ್ಲೇ. ಮರುದಿನದಿಂದ ಬಾಗಿಲು ಮುಚ್ಚಿದ ಹಾಗೆ.

ಕೇಳುತ್ತಾ ನನಗೆ ಊರಿನ ಹೆಂಗಸರೇ ನೆನಪಾದರು. ದಿನ ಎಣಿಸುವುದರಲ್ಲಿ ನಮ್ಮವರಿಗಿಂತ ಗಟ್ಟಿಗರು ಯಾರಿದ್ದಾರೆ? ಬನಶಂಕರಿ ಜಾತ್ರೆ ಬಂತು ಅಂದರೆ ಅವ್ವ, ಕಾಕು, ವೈನಿ ಎಲ್ಲರೂ ಕ್ಯಾಲೆಂಡರ್ ಮುಂದೆ ನಿಲ್ಲುತ್ತಿದ್ದರು. ಯಾರ ದಿನ ಎಂದು, ಯಾರು ಗುಳಿಗೆ ತಗೊಂಡು ಮುಂದೆ ಹಾಕಬೇಕು, ಮದುವೆ ಮುಹೂರ್ತಕ್ಕೆ ಮದುಮಗಳ ತಾರೀಖು ಅಡ್ಡ ಬರುತ್ತಾ, ಎಲ್ಲ ಲೆಕ್ಕ. ಯಾರು ಕಡೆಗೆ ಕೂತಿದ್ದಾರೆ ಅಂತ ಮನೆಯ ಸಣ್ಣ ಹುಡುಗರಿಗೂ ಗೊತ್ತು. ಇಷ್ಟು ಎಣಿಸಿದ್ದು ಬರೀ ಮಡಿಗಾಗಿ. ಅದೇ ಲೆಕ್ಕದಿಂದ ಮಗು ಆಗುವ ದಿನವನ್ನೂ ಅಂದಾಜು ಮಾಡಬಹುದು ಅಂತ ನಮಗೆ ಒಬ್ಬರೂ ಹೇಳಲಿಲ್ಲ.

ನಮ್ಮ ವೈನಿಗೆ ಮುಟ್ಟು ಬರುವುದೇ 35 ದಿನಕ್ಕೊಮ್ಮೆ. ಆಕೆಗೆ ಯಾರೋ ಮುಟ್ಟಿನ ಮೊದಲ ದಿನದಿಂದ ಎಣಿಸಿ "14ನೇ ದಿನ" ಅಂತ ಹೇಳಿಬಿಟ್ಟಿದ್ದಾರೆ, ವರ್ಷಗಟ್ಟಲೆ ಅದನ್ನೇ ಹಿಡಿದುಕೊಂಡಿದ್ದಾರೆ. 14 ಅನ್ನುವುದು 28 ದಿನದ ಚಕ್ರದವರಿಗೆ, ಅದೂ ಅಂದಾಜು. ಲೆಕ್ಕ ಹಿಂದಿನಿಂದ ಹಾಕಬೇಕು. ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ ಎರಡು ವಾರ ಮೊದಲು ಅಂಡ ಬಿಡುಗಡೆ ಆಗುತ್ತದೆ. ಹಾಗೆ ನೋಡಿದರೆ ವೈನಿಯದು 21ನೇ ದಿನದ ಸುಮಾರಿಗೆ ಬರುತ್ತದೆ. ದೇಹವೂ ಸುಳಿವು ಕೊಡುತ್ತದೆ, ಆ ದಿನಗಳಲ್ಲಿ ಬಿಳಿ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆಯಾಗಿ ಬರುತ್ತದೆ. ಕಿಟ್ ಮೂತ್ರದಲ್ಲಿ ಅಂಡ ಬಿಡುಗಡೆಗೆ ಚಾಲನೆ ಕೊಡುವ ಎಲ್‌ಎಚ್ ಹಾರ್ಮೋನು ಏರಿದ್ದನ್ನು ತೋರಿಸುತ್ತದೆ, ಏರಿದ ಮೇಲೆ ಸಾಮಾನ್ಯವಾಗಿ 24ರಿಂದ 36 ಗಂಟೆಯಲ್ಲಿ ಅಂಡ ಬಿಡುಗಡೆ. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದವರಿಗೆ ಮಾತ್ರ ಅದು ಸುಮ್ನೆ ಹೌದು ಅನ್ನಬಹುದು. ಬೆಳಗ್ಗೆ ಎದ್ದಕೂಡಲೇ ಮೈಯ ಉಷ್ಣತೆ ನೋಡುವವರೂ ಇದ್ದಾರೆ, ಆದರೆ ಅದು ಏರುವುದು ಅಂಡ ಹೊರಬಂದ ನಂತರ. ತಾರೀಖು ಹಿಡಿದು ತಲೆ ಕೆಡಿಸಿಕೊಳ್ಳುವುದು ಬೇಡ ಅನ್ನುವವರಿಗೆ ಪಕ್ಕದ ಮನೆಯಾಕೆ ಹೇಳುವುದು, ಎರಡು ಮೂರು ದಿನಕ್ಕೊಮ್ಮೆ ಜೊತೆಯಾದರೆ ಸಾಕು, ಆ ದಿನಗಳು ತಪ್ಪುವುದಿಲ್ಲ.

ಹೋದ ಸಲ ಊರಿಗೆ ಹೋದಾಗ ಓಣಿಯಲ್ಲಿ ಒಂದು ಕುಬಸ ಇತ್ತು. ಎಲ್ಲರೂ ಬಸುರಿಗೆ ಉಡಿ ತುಂಬಿದರು. ವೈನಿಯ ಸರದಿ ಬಂದಾಗ ಒಬ್ಬ ಹಿರಿಯಾಕೆ ತಾಟು ತೆಗೆದು ಇನ್ನೊಬ್ಬರ ಕೈಗೆ ಕೊಟ್ಟರು. ಯಾರೂ ಏನೂ ಅನ್ನಲಿಲ್ಲ. ವೈನಿ ಹಿಂದೆ ಸರಿದು ಗೋಡೆಗೆ ನಿಂತರು. ಅದೇ ಹೊತ್ತಿಗೆ ನಮ್ಮಣ್ಣ ಹೊರಗೆ ಪೆಂಡಾಲಿನಲ್ಲಿ ಎಲ್ಲರ ಸಂಗಡ ಕೂತು ಹೋಳಿಗೆ ಉಣ್ಣುತ್ತಿದ್ದ, ಅವನ ತಾಟಿಗೆ ಎರಡು ಸಲ ತುಪ್ಪ ಬಿತ್ತು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಮಗು ಆಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ವೈನಿಗೆ ಸ್ಕ್ಯಾನಿಂಗ್ ಆಗಿದೆ, ರಕ್ತ ಪರೀಕ್ಷೆ ಆಗಿದೆ, ಉಪವಾಸ, ಹರಕೆ ಆಗಿವೆ. ಅಣ್ಣನಿಗೆ ಏನೂ ಆಗಿಲ್ಲ.

ಮೊನ್ನೆ ಫೋನಿನಲ್ಲಿ ವೈನಿಗೆ ಲೆಕ್ಕ ಎಲ್ಲ ಹೇಳಿದ ಮೇಲೆ, "ಅಣ್ಣಗ ಕೊಡ್ರಿ" ಅಂದೆ.

"ಅಣ್ಣಾ, ನಿಂದೂ ಪರೀಕ್ಷಾ ಮಾಡಿಸಬೇಕು."

"ನನಗೇನಾಗೇತಿ?"

"ಏನೂ ಆಗಿರಲಿಕ್ಕಿಲ್ಲ. ವೈನಿಗೂ ಏನೂ ಆಗಿರಲಿಕ್ಕಿಲ್ಲ. ಆದರೂ ಅಕಿ ಸೂಜಿ ಚುಚ್ಚಿಸಿಕೊಂಡಾಳಲ್ಲ?"

ತುಸು ಹೊತ್ತು ಮಾತಿಲ್ಲ. ಆಮೇಲೆ "ಅದಕ್ಕ ಏನ್ ಮಾಡ್ತಾರ?" ಅಂತ ಮೆಲ್ಲಗೆ ಕೇಳಿದ. ಹೇಳಿದೆ: 2ರಿಂದ 7 ದಿನ ಜೊತೆಯಾಗದೆ ಇದ್ದು ವೀರ್ಯದ ಮಾದರಿ ಕೊಡಬೇಕು, ಮನೆಯಿಂದ ಒಯ್ಯುವುದಾದರೆ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ನೋವಿಲ್ಲ, ಸೂಜಿ ಇಲ್ಲ. ಒಂದು ರಿಪೋರ್ಟ್ ಸರಿ ಬರದಿದ್ದರೆ ಗಾಬರಿಯಾಗದೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಅವ್ವನಿಗೆ ಈಗಲೇ ಹೇಳಬೇಡ ಅಂದ. ವೈನಿಯ ಪರೀಕ್ಷೆಗಳು ಓಣಿಗೆಲ್ಲ ಗೊತ್ತಿವೆಯಲ್ಲ ಅಂದೆ. ಸೋಮವಾರ ಹೋಗುತ್ತೇನೆ ಅಂದಿದ್ದಾನೆ.