ಹಳೆಯ ಗೆಳೆಯನ ಹತ್ತಿರ ಕೈಗಡ ಕೇಳುವ ಮುನ್ನ

ಮೂವತ್ತರಲ್ಲಿ ಗೆಳೆಯ ಕೊಡುತ್ತಿದ್ದುದು ಸಂಬಳದ ದುಡ್ಡು. ಅರವತ್ತೈದು ದಾಟಿದ ಮೇಲೆ ಕೊಡುವುದು ಕೂಡಿಟ್ಟ ಗಂಟಿನಿಂದ. ಅದು ಹೋದರೆ ಮತ್ತೆ ದುಡಿಯಲು ಅವನಿಗೂ ವಯಸ್ಸಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ತಿಂಗಳಿಗೆ ಎಷ್ಟು ತೀರಿಸಬಲ್ಲೆವು ಎಂಬುದನ್ನು.

ಪಿಂಚಣಿಯಲ್ಲಿ ಬಾಡಿಗೆ, ದಿನಸಿ, ಕರೆಂಟು, ಔಷಧಿ ಎಲ್ಲ ಕಳೆದು 5,000 ಉಳಿಯುತ್ತದೆ ಅನ್ನಿ. ಕಂತು 3,000ಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಔಷಧಿ ಖರ್ಚು ಪ್ರತಿ ತಿಂಗಳು ಒಂದೇ ಇರುವುದಿಲ್ಲ. ಆ ಲೆಕ್ಕದಲ್ಲಿ, ಕಣ್ಣಿನ ಆಪರೇಷನ್ನಿಗೆಂದು 60,000 ಪಡೆದರೆ ತೀರಲು 20 ತಿಂಗಳು ಬೇಕು. ಅದು ದೀರ್ಘವೆನಿಸಿದರೆ ಕೇಳುವ ಮೊತ್ತ ಇಳಿಸಿ, ಕಂತು ಏರಿಸಬೇಡಿ. ಸಂಕೋಚಕ್ಕೆ ಬಿದ್ದು ‘ಆರೇ ತಿಂಗಳಲ್ಲಿ ಕೊಡ್ತೀನಿ’ ಅನ್ನುವಲ್ಲೇ ಮಾತು ತಪ್ಪುವುದು ಶುರುವಾಗುತ್ತದೆ. ಠೇವಣಿಯ ಮೇಲೆ ಸಾಲ ಸಿಗುತ್ತದೆಯೇ, ಆಸ್ಪತ್ರೆಯವರು ಬಿಲ್ಲನ್ನು ಕಂತಿನಲ್ಲಿ ಕಟ್ಟಲು ಬಿಡುತ್ತಾರೆಯೇ ಎಂದೂ ವಿಚಾರಿಸಿರಿ. ಗೆಳೆಯ ಮೊದಲು ಕೇಳುವುದು ಅದನ್ನೇ.

ಬರೀ ಮೆಸೇಜು ಕಳಿಸಿ ದುಡ್ಡು ಕೇಳಿದರೆ ಯಾರೋ ನಿಮ್ಮ ಹೆಸರಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ಅವನು ಅನುಮಾನಿಸಬಹುದು (ಅನುಮಾನಿಸಲೂಬೇಕು). ಫೋನ್ ಮಾಡಿ. ಅರ್ಧ ಗಂಟೆ ಕಾಯಿಲೆಯ ಕಥೆ ಹೇಳಿ ಆಮೇಲೆ ಮೊತ್ತಕ್ಕೆ ಬಂದರೆ ಅವನಿಗೆ ಇಲ್ಲ ಅನ್ನಲು ದಾರಿಯೇ ಉಳಿದಿರುವುದಿಲ್ಲ. ನೇರವಾಗಿ ಹೇಳಿ: ‘ಕಣ್ಣಿನ ಆಪರೇಷನ್ನಿಗೆ 60,000 ಬೇಕಾಗಿದೆ ಕಣೋ. ತಿಂಗಳಿಗೆ 3,000 ತೀರಿಸ್ತೀನಿ. ಈಗಲೇ ಹೇಳಬೇಡ, ಮನೇಲಿ ಮಾತಾಡಿ ಭಾನುವಾರ ಹೇಳು. ಆಗದಿದ್ರೂ ಬೇಜಾರಿಲ್ಲ.’ ‘ಮನೇಲಿ ಮಾತಾಡಿ’ ಅನ್ನುವುದನ್ನು ಬಿಡಬೇಡಿ. ಹೆಂಡತಿಗೆ ಗೊತ್ತಿಲ್ಲದೆ ಕೊಟ್ಟ ಸಾಲ ಮುಂದೆ ಇಬ್ಬರ ಮನೆಯಲ್ಲೂ ಜಗಳವಾಗುತ್ತದೆ.

ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕು ಎಂದು ಮಾತ್ರ ಕೇಳಬೇಡಿ. ಕೈಗಡದಲ್ಲಿ ಅವನು ಕಳೆದುಕೊಳ್ಳುವುದು ಕೊಟ್ಟಷ್ಟನ್ನು. ಜಾಮೀನಿನಲ್ಲಿ ಬಾಕಿ, ಬಡ್ಡಿ ಎರಡೂ ಅವನ ತಲೆಗೆ ಬರಬಹುದು.

ಒಪ್ಪಿದರೆ ದುಡ್ಡು ಬ್ಯಾಂಕಿನ ಮೂಲಕವೇ ಬರಲಿ, ದಾಖಲೆ ಉಳಿಯುತ್ತದೆ. ಮೊತ್ತ, ಕಂತು, ಕಟ್ಟುವ ತಾರೀಖು ಬರೆದು ಇಬ್ಬರೂ ಸಹಿ ಹಾಕಿದ ಎರಡು ಪ್ರತಿ ಮಾಡಿ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಬಾಕಿ ಮನ್ನಾವೋ, ಮಕ್ಕಳು ತೀರಿಸಬೇಕೋ, ಯಾರಿಗೆ ಕೊಡಬೇಕೋ ಅದನ್ನೂ ಬರೆಯಿರಿ. ಅಪಶಕುನವೆಂದು ಎಲ್ಲರೂ ಬಿಡುವ ಸಾಲು ಇದು, ಈ ವಯಸ್ಸಿನಲ್ಲಿ ಅತ್ಯಗತ್ಯವಾದದ್ದೂ ಇದೇ. ಕಾಗದ ಎಲ್ಲಿದೆ ಎಂದು ಮಕ್ಕಳಿಗೆ ತಿಳಿದಿರಲಿ.

ಯಾವುದಾದರೂ ತಿಂಗಳು ಕಂತು ಕಷ್ಟವಾದರೆ ತಾರೀಖಿಗೆ ಮುಂಚೆಯೇ ಫೋನ್ ಮಾಡಿ. 3,000 ಆಗದಿದ್ದರೆ 500 ಆದರೂ ಹಾಕಿ, ಉಳಿದದ್ದು ಯಾವಾಗ ಎಂದು ಅದೇ ಫೋನಿನಲ್ಲಿ ಹೇಳಿಬಿಡಿ.