ತೊಟ್ಟಿಲ ಹರಕೆ ಹೊತ್ತ ಬಸುರಿಗೆ ಸಿಸ್ಟ್ ಇದ್ದರೆ

ಏಳನೇ ವಾರದ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಎದೆಬಡಿತ ಕಂಡಿರುತ್ತದೆ. ಅದೇ ವರದಿಯ ಕೆಳಗೆ ‘ಬಲ ಅಂಡಾಶಯದಲ್ಲಿ 4 ಸೆಂ.ಮೀ. ಸಿಸ್ಟ್’, ಅಂದರೆ ಗುಳ್ಳೆ, ಎಂದೂ ಬರೆದಿರುತ್ತದೆ. ಮನೆಯ ಹಿರಿಯರು ಆ ಸಂಜೆಯೇ ಮುಡಿಪು ಕಟ್ಟಿಡುತ್ತಾರೆ. ಬೆಂಗಳೂರು–ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಆ ಹರಕೆ ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ. ಅಪ್ರಮೇಯಸ್ವಾಮಿ ಗುಡಿಯ ಪ್ರಾಕಾರದಲ್ಲಿ ಬೆಣ್ಣೆ ಹಿಡಿದು ತೆವಳುವ ಪುಟ್ಟ ಮೂರ್ತಿ. ಕೂಸಾದ ಮೇಲೆ ತೊಟ್ಟಿಲು ಒಪ್ಪಿಸುವುದು ಅಲ್ಲಿನ ವಾಡಿಕೆ.

ಭಯಪಡುವ ಮುಂಚೆ ಆ ಗುಳ್ಳೆ ಯಾವುದೆಂದು ಕೇಳಿಕೊಳ್ಳಬೇಕು. ಅಂಡ ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲ್ಯೂಟಿಯಮ್ ಎಂಬ ಪುಟ್ಟ ಗ್ರಂಥಿ ಬೆಳೆಯುತ್ತದೆ. ಗರ್ಭ ನಿಲ್ಲಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಮೊದಲ ವಾರಗಳಲ್ಲಿ ಬರುವುದು ಅಲ್ಲಿಂದಲೇ. ಕೆಲವರಲ್ಲಿ ಅದರೊಳಗೆ ದ್ರವ ತುಂಬಿ ಸಿಸ್ಟ್‌ನಂತೆ ಕಾಣುತ್ತದೆ. ಎಂಟು–ಹತ್ತನೇ ವಾರದ ಹೊತ್ತಿಗೆ ಮಾಸು (ಪ್ಲಾಸೆಂಟಾ) ಆ ಕೆಲಸ ವಹಿಸಿಕೊಂಡ ಮೇಲೆ ಅದು ಕುಗ್ಗುತ್ತದೆ. ಸಾಮಾನ್ಯವಾಗಿ 14–16ನೇ ವಾರಕ್ಕೆ ಇರುವುದಿಲ್ಲ. ‘ಇದನ್ನು ಕರಗಿಸು ಸ್ವಾಮಿ’ ಎಂದು ಬೇಡಿಕೊಳ್ಳುವ ಆ ಗುಳ್ಳೆಯ ಮೂಲಕವೇ ಕೃಷ್ಣ ಕೂಸನ್ನು ಕಾಪಾಡುತ್ತಿರಬಹುದು! ‘ಗಂಟು ಕರಗಿಸುವ’ ಕಷಾಯ, ನಾಟಿ ಔಷಧಿ ಬೇಡವೆನ್ನಲು ಇದೊಂದೇ ಕಾರಣ ಸಾಕು.

ಎಲ್ಲ ಸಿಸ್ಟೂ ಹೀಗಲ್ಲ. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್, ಹಳೆಯ ರಕ್ತ ತುಂಬಿದ ಎಂಡೋಮೆಟ್ರಿಯೋಮಾ ತಾವಾಗಿ ಹೋಗುವುದು ಅಪರೂಪ. ಒಳಗೆ ಗೋಡೆ, ಗಟ್ಟಿ ಭಾಗ ಕಂಡರೆ ವೈದ್ಯರು ಹೆಚ್ಚು ನಿಗಾ ಇಡುತ್ತಾರೆ. ಅಂಡಾಶಯದ ಕ್ಯಾನ್ಸರಿನ ಸುಳಿವಿಗೆ ಮಾಡುವ ಸಿಎ-125 ರಕ್ತಪರೀಕ್ಷೆ ಮಾತ್ರ ಈಗ ನಂಬುವಂತಿಲ್ಲ, ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ತಾನೇ ಏರಿರುತ್ತದೆ.

ಹರಕೆಯ ವಿಷಯದಲ್ಲಿ ಒಂದು ಅನುಕೂಲವಿದೆ: ತೊಟ್ಟಿಲು ಒಪ್ಪಿಸುವುದು ಹೆರಿಗೆಯ ನಂತರ. ಈಗ ಮನೆಯಲ್ಲೇ ಕೈಮುಗಿದು ಒಂದು ಕಾಸು ಎತ್ತಿಟ್ಟರೂ ನಡೆಯುತ್ತದೆ. ದರ್ಶನ ಮಾಡಲೇಬೇಕೆನ್ನಿಸಿದರೆ ವೈದ್ಯರನ್ನು ಕೇಳಿ, ವಾರದ ನಡುವೆ ಬೆಳಿಗ್ಗೆ ಹೊರಡಿ; ರಜಾದಿನದ ಸಾಲಿನಲ್ಲಿ ನಿಂತು ತಲೆಸುತ್ತು ಬರಿಸಿಕೊಳ್ಳುವುದೇಕೆ? ರಕ್ತ ಕಂಡಿದ್ದರೆ, ಹೊಟ್ಟೆನೋವಿದ್ದರೆ ಪ್ರಯಾಣ ಮುಂದಕ್ಕೆ ಹಾಕಿ. ಸೀಟ್‌ಬೆಲ್ಟ್‌ನ ಅಡ್ಡಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಬರಬೇಕು. ಮೂತ್ರ ತಡೆಯಬೇಡಿ, ನೀರಿನ ಬಾಟಲಿ, ಎರಡು ಇಡ್ಲಿ ಜೊತೆಗಿರಲಿ. ಉರುಳು ಸೇವೆ, 108 ನಮಸ್ಕಾರ ಬೇಡ. ನಿಂತಲ್ಲೇ ಒಂದು ಕೈಮುಗಿತ ಸಾಕು. ನೈವೇದ್ಯದ ಬೆಣ್ಣೆ ಕಾಯಿಸಿದ ಹಾಲಿನ ಮೊಸರಿನಿಂದ ಕಡೆದದ್ದಾಗಿರಲಿ. ಹಸಿಹಾಲಿನ ಬೆಣ್ಣೆಯಲ್ಲಿ ಬಸುರಿಗೆ ಕೇಡು ಮಾಡುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು.

ಏಕಾದಶಿಯ ನಿರ್ಜಲ ಉಪವಾಸವೂ ಈಗ ಸಲ್ಲದು. ವಾಂತಿ ಕಾಡುವ ಈ ದಿನಗಳಲ್ಲಿ ನೀರೂ ಬಿಟ್ಟರೆ ಮೈಯಲ್ಲಿ ನೀರಿನಂಶ ಬೇಗ ಇಳಿಯುತ್ತದೆ. ಬಸುರಿಗೆ ಉಪವಾಸದ ವಿನಾಯಿತಿ ನಮ್ಮ ಹಿರಿಯರೇ ಕೊಟ್ಟದ್ದು, ಅದನ್ನು ಬಳಸಿಕೊಳ್ಳಲು ಸಂಕೋಚವೇಕೆ? ಅಷ್ಟು ಹೊತ್ತು ದಾಸರ ಪದ ಹೇಳಿಕೊಂಡರಾಯಿತು.

ಮುಡಿಪು ಕಟ್ಟಿದ್ದೇವೆಂದು ತಡ ಮಾಡಬಾರದ ಗಳಿಗೆ ಒಂದಿದೆ. ಕೆಳಹೊಟ್ಟೆಯ ಒಂದೇ ಬದಿಗೆ ತಟ್ಟನೆ ಹಿಂಡುವ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡು ರಕ್ತ ಹರಿಯುವುದು ನಿಂತಿರಬಹುದು. ದೊಡ್ಡ ಗುಳ್ಳೆಗಳಲ್ಲಿ ಈ ಅಪಾಯ ಹೆಚ್ಚು. ಬಸಿರಿನ ವಾಂತಿ ಎಂದುಕೊಂಡು ಬೆಳಗಿನವರೆಗೆ ಕಾಯುವುದೇ ಇಲ್ಲಿ ಆಗುವ ಎಡವಟ್ಟು. ತಲೆಸುತ್ತು, ಭುಜದಲ್ಲಿ ನೋವು ಕಂಡರೆ ಗುಳ್ಳೆ ಒಡೆದು ಒಳಗೆ ರಕ್ತಸ್ರಾವವಾಗಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಗುಳ್ಳೆ ಉಳಿದು ದೊಡ್ಡದಾಗಿದ್ದರೆ ಸಾಧಾರಣವಾಗಿ 14–16 ವಾರ ಕಳೆದ ಮೇಲೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ) ತೆಗೆಯುತ್ತಾರೆ. ಮಾಸು ತನ್ನ ಕೆಲಸ ವಹಿಸಿಕೊಳ್ಳುವ ಮೊದಲೇ ತುರ್ತಾಗಿ ಕಾರ್ಪಸ್ ಲ್ಯೂಟಿಯಮ್ ತೆಗೆಯಬೇಕಾದರೆ ಪ್ರೊಜೆಸ್ಟರಾನ್ ಹೊರಗಿನಿಂದ ಕೊಡುತ್ತಾರೆ. ‘ಆಪರೇಷನ್ ಆಯಿತು, ಹರಕೆ ಫಲಿಸಲಿಲ್ಲ’ ಎಂದು ಬಸುರಿಯ ಮುಂದೆ ಆಡುವವರನ್ನು ಮನೆಯವರು ಅಲ್ಲೇ ತಡೆಯಬೇಕು. ಸರ್ಜನ್ನರ ಕೈಯೂ ಆ ಕೃಷ್ಣನದೇ. ಹೆರಿಗೆವರೆಗೂ ಹಾಗೇ ಉಳಿದ ಸಣ್ಣ ಸಿಸ್ಟ್‌ಗೆ ಬಾಣಂತನ ಮುಗಿಯುವಾಗ ಇನ್ನೊಂದು ಸ್ಕ್ಯಾನಿಂಗ್ ಇರುತ್ತದೆ. ತೊಟ್ಟಿಲು ಕೊಂಡೊಯ್ಯುವ ಸಡಗರದಲ್ಲಿ ಅದು ಮರೆಯಬಾರದು.